ಮೊದಲು ಆ ಸ್ಟಿಕರ್ ಫೋಟೋ ಡಿಲೀಟ್ ಮಾಡಿ

ಅಣ್ಣಾ, ಉತ್ತರ ಓದುವ ಮೊದಲು ಒಂದು ಕೆಲಸ ಮಾಡಿ. ನೀವು ಗುಂಪಿನಲ್ಲಿ ಹಾಕಿದ ಕ್ಯಾಮೆರಾ ಫೋಟೋ ಡಿಲೀಟ್ ಮಾಡಿ. ಅದರ ತಳದ ಸ್ಟಿಕರ್ ಚೆನ್ನಾಗಿ ಕಾಣುತ್ತಿದೆ. ಸೀರಿಯಲ್ ನಂಬರ್, ಕ್ಯೂಆರ್ ಕೋಡ್, ಕೆಳಗೆ ಸಣ್ಣ ಅಕ್ಷರದಲ್ಲಿ ಪಾಸ್‌ವರ್ಡ್ ಕೂಡ ಇದೆ. ಮನೆ ಬೀಗದ ಕೈ ಸಂತೆಯಲ್ಲಿ ತೂಗುಹಾಕಿದಂಗಾಯ್ತು. 2019ರಲ್ಲಿ ಐಲಿಂಕ್‌ಪಿಟುಪಿ ಅನ್ನೋ ಸಾಫ್ಟ್‌ವೇರ್ ಇರುವ ಅಗ್ಗದ ಕ್ಯಾಮೆರಾಗಳಲ್ಲಿ ಇಂಥ ನಂಬರನ್ನು ಸುಮ್ನೆ ಊಹೆ ಮಾಡಿಯೇ ಕ್ಯಾಮೆರಾ ಹುಡುಕಬಹುದು ಅಂತ ಗೊತ್ತಾಗಿತ್ತು. ಅಂಥವು 20 ಲಕ್ಷಕ್ಕಿಂತ ಜಾಸ್ತಿ ಸಿಕ್ಕಿದ್ದವು. ನೀವು ಊಹೆ ಮಾಡುವ ಕಷ್ಟವನ್ನೂ ಕೊಡಲಿಲ್ಲ!

ಈಗ ನಿಮ್ಮ ಪ್ರಶ್ನೆ. ದಾಳಿಂಬೆ ತೋಟದ ಕ್ಯಾಮೆರಾ ರಾತ್ರಿ ತಾನೇ ತಿರುಗುತ್ತದೆ, ಹಾಕಿಕೊಟ್ಟವರು ‘ನೆಟ್ ಪ್ರಾಬ್ಲಂ’ ಅಂತಾರೆ, ಯಾರಾದರೂ ಒಳಗೆ ಹೊಕ್ಕಿದ್ದಾರಾ, ಫೋನಿನಿಂದ ಬೋರ್ ಮೋಟರ್ ಚಾಲು ಮಾಡುವ ಮೊಬೈಲ್ ಸ್ಟಾರ್ಟರಿಗೂ ಹಿಂಗೇ ಆಗುತ್ತಾ ಅಂತ ಕೇಳಿದ್ದೀರಿ.

ತಿರುಗಿದ ಕೂಡಲೇ ಕಳ್ಳರು ಅನ್ಕೋಬೇಡಿ. ಕರೆಂಟ್ ಹೋಗಿ ಬಂದರೆ ಈ ತಿರುಗುವ ಕ್ಯಾಮೆರಾಗಳು ಒಂದು ಸುತ್ತು ಹಾಕಿ ನಿಲ್ಲುತ್ತವೆ. ಟ್ರ್ಯಾಕಿಂಗ್ ಆನ್ ಇದ್ದರೆ ಹಂದಿ, ನಾಯಿ ಹೋದ ಕಡೆಗೆಲ್ಲ ಮುಖ ತಿರುಗಿಸುತ್ತವೆ. ಅದನ್ನು ಆಫ್ ಮಾಡಿ ನಾಲ್ಕು ದಿನ ನೋಡಿ. ಆಮೇಲೂ ತಿರುಗಿದರೆ ಆ್ಯಪ್ ತೆಗೆದು, ಈ ಕ್ಯಾಮೆರಾ ಯಾರ್ಯಾರಿಗೆ ಶೇರ್ ಆಗಿದೆ, ಓನರ್ ಯಾರು ಅಂತ ನೋಡಿ.

ನನಗೆ ಇದು ಹೇಗೆ ಗೊತ್ತು ಅಂದರೆ, ಕುಷ್ಟಗಿ ಕಡೆ ಇರುವ ನಮ್ಮ ತೋಟದಲ್ಲಿ ಎರಡು ವರ್ಷ ನಾನೇ ಗೆಸ್ಟ್ ಆಗಿದ್ದೆ. ಕ್ಯಾಮೆರಾ ಹಾಕಲು ಬಂದ ಹುಡುಗ ತನ್ನ ಮೊಬೈಲ್ ನಂಬರಿನಲ್ಲಿ ಅಕೌಂಟ್ ಮಾಡಿ, ನನಗೆ ಶೇರ್ ಕೊಟ್ಟು ಹೋಗಿದ್ದ. ಹಣ್ಣು ಎಷ್ಟಿದೆ, ಶೆಡ್ಡಿನಲ್ಲಿ ಯಾರು ಮಲಗ್ತಾರೆ, ಎಲ್ಲ ಅವನ ಫೋನಿನಲ್ಲೂ ಕಾಣುತ್ತಿತ್ತು. ಹುಡುಗ ಕೆಟ್ಟವನಲ್ಲ. ಕೆಲಸ ಬೇಗ ಮುಗೀಲಿ ಅಂತ ಎಲ್ಲರಿಗೂ ಹಂಗೇ ಮಾಡಿದ್ದ. ಎಲ್ಲರಿಗೂ ಒಂದೇ ಪಾಸ್‌ವರ್ಡ್, ಅಂಗಡಿ ಹೆಸರು ಮುಂದೆ 123. ಅಂಗಡಿ ಬಿಟ್ಟು ಹೋದ ಪ್ರತಿ ಹುಡುಗನಿಗೂ ಆ ಪಾಸ್‌ವರ್ಡ್ ಬಾಯಿಪಾಠ, ಅಲ್ವಾ?

ಸರಿ ಮಾಡೋದು ಹೀಗೆ. ಮೊದಲು ಹಾಕಿಕೊಟ್ಟವರ ಅಕೌಂಟಿನಿಂದ ಕ್ಯಾಮೆರಾ ಡಿಲೀಟ್ ಮಾಡಿಸಿ, ನಿಮ್ಮ ಕಣ್ಣೆದುರೇ. ಎಷ್ಟೋ ಕ್ಯಾಮೆರಾಗಳು ರಿಸೆಟ್ ಮಾಡಿದರೂ ಹಳೆಯ ಓನರನ್ನು ಬಿಡುವುದಿಲ್ಲ. ಆಮೇಲೆ ರಿಸೆಟ್ ಬಟನ್ ಒತ್ತಿ ಹಿಡಿದು, ನಿಮ್ಮ ನಂಬರಿನಲ್ಲಿ ಹೊಸದಾಗಿ ಸೇರಿಸಿ. ಪಾಸ್‌ವರ್ಡ್ ಬೇರೆ ಎಲ್ಲೂ ಬಳಸದ್ದಿರಲಿ. ಓಟಿಪಿ ಕೇಳುವ ಆಯ್ಕೆ ಇದ್ದರೆ ಹಾಕಿಕೊಳ್ಳಿ. ರೌಟರಿನ ಅಡ್ಮಿನ್ ಪಾಸ್‌ವರ್ಡನ್ನೂ ಬದಲಿಸಿ. ಅದು ವೈಫೈ ಪಾಸ್‌ವರ್ಡ್ ಅಲ್ಲ, ಬೇರೆಯದು. ಅಲ್ಲೇ ಯುಪಿಎನ್‌ಪಿ ಅಂತ ಒಂದು ಇರುತ್ತದೆ, ಆಫ್ ಮಾಡಿ. ಅದು ಆನ್ ಇದ್ದರೆ ಕ್ಯಾಮೆರಾ ನಿಮ್ಮನ್ನು ಕೇಳದೇ ಹೊರಗಿನವರಿಗೆ ಬಾಗಿಲು ತೆಗೆಸಿಕೊಳ್ಳುತ್ತದೆ.

‘ನಮ್ಮ ತೋಟ ನೋಡಿ ಯಾರಿಗೇನು’ ಅಂತ ಕೆಳಗೆ ಒಬ್ಬರು ಬರೆದಿದ್ದಾರೆ. ಒಳಗೆ ಹೊಕ್ಕುವವರಿಗೆ ನಿಮ್ಮ ತೋಟ ಬೇಡ ಅಣ್ಣಾ, ನಿಮ್ಮ ಕ್ಯಾಮೆರಾ ಡಬ್ಬಿ ಬೇಕು. 2016ರಲ್ಲಿ ಮಿರಾಯ್ ಅನ್ನೋ ವೈರಸ್ ಬಂತು. ಅದಕ್ಕೆ ದೊಡ್ಡ ವಿದ್ಯೆ ಏನೂ ಬೇಕಿರಲಿಲ್ಲ. ಕಂಪನಿಯವರು ಹಾಕಿಕೊಟ್ಟ ಹೆಸರು-ಪಾಸ್‌ವರ್ಡ್ 60 ಚಿಲ್ಲರೆ ಜೋಡಿ ಇಟ್ಟುಕೊಂಡು, ಕಂಡ ಕಂಡ ಕ್ಯಾಮೆರಾ, ಅದರ ವಿಡಿಯೋ ತುಂಬಿಡುವ ಡಿವಿಆರ್, ರೌಟರುಗಳ ಬಾಗಿಲು ತಟ್ಟುತ್ತಿತ್ತು. ತೆರೆದವೆಲ್ಲ ಅದರ ಆಳುಗಳಾದವು. ಆ ವರ್ಷ ಅಕ್ಟೋಬರ್ 21ರಂದು ವೆಬ್‌ಸೈಟುಗಳ ವಿಳಾಸ ಹುಡುಕಿಕೊಡುವ ಡೈನ್ ಅನ್ನೋ ಅಮೆರಿಕದ ಕಂಪನಿ ಮೇಲೆ ಇವನ್ನೆಲ್ಲ ಒಟ್ಟಿಗೆ ಛೂ ಬಿಟ್ಟರು. ಟ್ವಿಟರ್, ನೆಟ್‌ಫ್ಲಿಕ್ಸ್ ಎಷ್ಟೋ ಜನರಿಗೆ ಗಂಟೆಗಟ್ಟಲೆ ಸಿಗಲಿಲ್ಲ. ಒಂದು ತಮಾಷೆ ಏನಂದರೆ, ಕ್ಯಾಮೆರಾ ಆಫ್ ಮಾಡಿ ಆನ್ ಮಾಡಿದರೆ ಮಿರಾಯ್ ಹೋಗಿಬಿಡುತ್ತಿತ್ತು. ಪಾಸ್‌ವರ್ಡ್ ಹಳೆಯದೇ ಇದ್ದರೆ ಸ್ವಲ್ಪ ಹೊತ್ತಿಗೆ ಮತ್ತೆ ವಕ್ಕರಿಸುತ್ತಿತ್ತು.

ಹೊಸ ಕ್ಯಾಮೆರಾ ತಗೊಳ್ಳೋದಿದ್ದರೆ ಸರ್ಕಾರದ ಪರೀಕ್ಷಾ ಸಂಸ್ಥೆಯಾದ ಎಸ್‌ಟಿಕ್ಯುಸಿ ಪರೀಕ್ಷೆ ಆಗಿದೆಯಾ ಕೇಳಿ. 2025ರ ಏಪ್ರಿಲ್‌ನಿಂದ ಸಿಸಿಟಿವಿ ಕ್ಯಾಮೆರಾಗಳಿಗೆ ಸರ್ಕಾರ ಭದ್ರತಾ ಪರೀಕ್ಷೆ ಕಡ್ಡಾಯ ಮಾಡಿದೆ. ಅಂಗಡಿಯವರು ಹಳೆಯ ಸ್ಟಾಕ್ ದಾಟಿಸಲು ನೋಡಬಹುದು.

ಇನ್ನು ಸ್ಟಾರ್ಟರ್. ನನಗೆ ಕ್ಯಾಮೆರಾಕ್ಕಿಂತ ಇದರದ್ದೇ ಭಯ ಜಾಸ್ತಿ. ನಮ್ಮದು ಸಿಮ್ ಹಾಕುವ ಸ್ಟಾರ್ಟರ್. ರಿಂಗ್ ಕೊಟ್ಟರೆ ಮೋಟರ್ ಚಾಲು. ಅದಕ್ಕೆ ಹಾಕಿದ ಸಿಮ್ಮಿನ ನಂಬರ್ ಮೊದಲು ಬೇರೆ ಯಾರದ್ದೋ ಆಗಿತ್ತು, ಕಂಪನಿಯವರು ತಿರುಗಿ ನನಗೆ ಕೊಟ್ಟಿದ್ದರು. ಆ ಪುಣ್ಯಾತ್ಮ ಎಲ್ಲೋ ಸಾಲ ಮಾಡಿದ್ದ. ವಸೂಲಿಯವರು ಫೋನ್ ಮಾಡಿದಾಗಲೆಲ್ಲ, ತ್ರೀಫೇಸ್ ಇದ್ದರೆ ನನ್ನ ಬೋರ್ ಶುರು! ಒಂದು ವಾರ ಜೆಸ್ಕಾಂ ಲೈನ್‌ಮ್ಯಾನನ್ನು ಬೈದೆ, ಪಾಪ. ಹೂ ಬಿಡಲೆಂದು ನೀರು ನಿಲ್ಲಿಸಿ ಗಿಡ ಬಾಡಿಸಿದ ಹೊತ್ತು ಅದು. ಡ್ರಿಪ್ಪಿನಲ್ಲಿ ಜಿನುಗಿದ ನೀರಿಗೆ ಎರಡು ಸಾಲು ಚಿಗುರಿಬಿಟ್ಟವು.

ತಪ್ಪು ನಂದೇ. ಗೊತ್ತಿರುವ ನಂಬರಿಗೆ ಮಾತ್ರ ಓಗೊಡುವ ಸೆಟ್ಟಿಂಗ್ ಇತ್ತು, ಹಾಕಿರಲಿಲ್ಲ. ಪಿನ್ ಕೂಡ 1234 ಹಾಗೇ ಇತ್ತು. ಈಗ ನನ್ನದು, ಮಗನದು, ಎರಡೇ ನಂಬರ್.

ಅಷ್ಟು ಮಾಡಿದರೂ ಒಂದು ಮರೀಬೇಡಿ. ಫೋನಿನಲ್ಲಿ ಆಫ್ ಮಾಡಿದ್ದೀನಿ ಅಂತ ನಂಬಿ ಪ್ಯಾನಲ್ ಬೋರ್ಡಿಗೋ ಮೋಟರಿಗೋ ಕೈ ಹಾಕಬೇಡಿ. ಮೇನ್ ಇಳಿಸಿ, ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಂಡ ಮೇಲೇ ಕೆಲಸ. ಮನೆಯಲ್ಲಿ ಯಾರೋ ನೀರು ಬೇಕಂತ ರಿಂಗ್ ಕೊಟ್ಟರೂ ಸಾಕು, ಜೀವಕ್ಕೇ ಬರುತ್ತೆ.

ನಂಬರ್ ಸೇರಿಸುವ ಎಸ್‌ಎಂಎಸ್ ಒಂದೊಂದು ಕಂಪನಿದು ಒಂದೊಂದು ಥರ. ನಿಮ್ಮ ಸ್ಟಾರ್ಟರಿನ ಪುಸ್ತಕದಲ್ಲಿ ಆ ಪುಟದ ಫೋಟೋ ಹಾಕಿ, ಹೇಳಿಕೊಡ್ತೀನಿ. ಪಿನ್ ಬರೆದಿದ್ದರೆ ಈ ಸಲ ಅದರ ಮೇಲೆ ಬೆರಳಿಟ್ಟು ತೆಗೀರಿ.