ಯೇಸು ಸರಿ, ಶಿಲುಬೆ ಯಾಕೆ?

ಕ್ರೈಸ್ತಧರ್ಮವನ್ನು ಹೊರಗಿನಿಂದ ನೋಡುವ ಓದುಗರು ಕೇಳಿದ ಪ್ರಶ್ನೆಗಳಿಗೆ ಈ ಸಲದ ಉತ್ತರಗಳು

ಪ್ರಶ್ನೆ: ಯೇಸುವಿನ ಬೋಧನೆ ನನಗೆ ತುಂಬ ಇಷ್ಟ. ಆದರೆ ಪವಾಡ, ಪುನರುತ್ಥಾನ, ದೇವಪುತ್ರ ಎಂಬುದೆಲ್ಲ ಗಂಟಲಲ್ಲಿ ಇಳಿಯುವುದಿಲ್ಲ. ಬೋಧನೆಯನ್ನಷ್ಟೇ ಇಟ್ಟುಕೊಂಡರೆ ತಪ್ಪೇ?

ಉತ್ತರ: ನಿಮಗಿಂತ ಮೊದಲೇ ಹಾಗೆ ಮಾಡಿದವರಿದ್ದಾರೆ. ಅಮೆರಿಕದ ಅಧ್ಯಕ್ಷರಾಗಿದ್ದ ಥಾಮಸ್ ಜೆಫರ್ಸನ್ ಹೊಸ ಒಡಂಬಡಿಕೆಯ (ಯೇಸುವಿನ ಕಥೆಯಿರುವ ಬೈಬಲಿನ ಎರಡನೆಯ ಭಾಗ) ಪ್ರತಿಗಳನ್ನು ನಿಜವಾಗಿಯೂ ಅಲಗು ಹಿಡಿದು ಕತ್ತರಿಸಿ, ಬೇಕಾದ ಭಾಗಗಳನ್ನು ಅಂಟಿಸಿ ಒಂದು ಪುಸ್ತಕ ಮಾಡಿಕೊಂಡಿದ್ದರು. ಗ್ರೀಕ್, ಲ್ಯಾಟಿನ್, ಫ್ರೆಂಚ್, ಇಂಗ್ಲಿಷ್, ಹೀಗೆ ನಾಲ್ಕು ಭಾಷೆಗಳ ಪಾಠ ಅದರಲ್ಲಿ ಅಕ್ಕಪಕ್ಕದಲ್ಲಿವೆ. ಸಮಾಧಿಯ ಬಾಯಿಗೆ ಕಲ್ಲು ಉರುಳಿಸಿ ಜನ ಹೊರಟುಹೋಗುವಲ್ಲಿಗೆ ಆ ಪುಸ್ತಕ ಮುಗಿಯುತ್ತದೆ. ಮೂರನೆಯ ದಿನ ಯೇಸು ಎದ್ದುಬಂದ ಎಂಬುದೇ ಇಲ್ಲ. ಅದು ಸಿದ್ಧವಾದದ್ದು 1820ರಲ್ಲಿ. ಕಾಕತಾಳೀಯವೆಂದರೆ, ಅದೇ ವರ್ಷ ಕಲ್ಕತ್ತೆಯಲ್ಲಿ ರಾಜಾ ರಾಮಮೋಹನ ರಾಯರೂ ಯೇಸುವಿನ ಉಪದೇಶಗಳನ್ನಷ್ಟೇ ಆಯ್ದು ಪ್ರಕಟಿಸಿದರು. ಶ್ರೀರಾಮಪುರದ ಮಿಷನರಿ ಜೋಶುವಾ ಮಾರ್ಷ್‌ಮನ್ ಸಿಟ್ಟಾದರು. ಶಿಲುಬೆಯ ಪ್ರಾಯಶ್ಚಿತ್ತವಿಲ್ಲದೆ (ಮನುಷ್ಯರ ಪಾಪಕ್ಕಾಗಿ ಯೇಸು ಸತ್ತ ಎಂಬ ನಂಬಿಕೆಯಿಲ್ಲದೆ) ಬರಿಯ ಉಪದೇಶದಿಂದ ರಕ್ಷಣೆ ಇಲ್ಲ ಎಂಬುದು ಅವರ ವಾದ. ವಾಗ್ವಾದ ಕೆಲವು ವರ್ಷ ನಡೆಯಿತು. ನಡುವೆ ವಿಲಿಯಂ ಆಡಂ ಎಂಬ ಬ್ಯಾಪ್ಟಿಸ್ಟ್ ಮಿಷನರಿಯೇ ರಾಯರ ಕಡೆ ವಾಲಿ, ತ್ರಿಯೇಕತ್ವವನ್ನು, ಅಂದರೆ ತಂದೆ, ಮಗ, ಪವಿತ್ರಾತ್ಮ ಮೂವರೂ ಒಬ್ಬನೇ ದೇವರು ಎಂಬ ನಂಬಿಕೆಯನ್ನು, ಬಿಟ್ಟುಕೊಟ್ಟರು. ಬೈಬಲಿನಲ್ಲಿ ಮೊದಲು ಪಾಪಕ್ಕೆ ಬಿದ್ದ ಮನುಷ್ಯನ ಹೆಸರೂ ಆದಾಮ; ಅದಕ್ಕೇ ಅವರ ಹಳೆಯ ಜೊತೆಗಾರರು ಅವರನ್ನು ‘ಬಿದ್ದುಹೋದ ಎರಡನೆಯ ಆದಾಮ’ ಎಂದು ಹಂಗಿಸಿದರಂತೆ.

ಹಾಗಾಗಿ ತಪ್ಪೇನಲ್ಲ. ಆದರೆ ಕತ್ತರಿ ನೀವಂದುಕೊಂಡಷ್ಟು ನೇರವಾಗಿ ಓಡುವುದಿಲ್ಲ. ಎಲ್ಲರೂ ಮೆಚ್ಚುವ ಪರ್ವತ ಪ್ರಸಂಗವನ್ನೇ (ಯೇಸು ಬೆಟ್ಟದ ಮೇಲೆ ಮಾಡಿದ ಉಪದೇಶ, ಮತ್ತಾಯ 5ರಿಂದ 7) ತೆಗೆದುಕೊಳ್ಳಿ. ‘ಹೀಗೆಂದು ಹಿರಿಯರಿಗೆ ಹೇಳಲಾಗಿತ್ತು, ನಾನಾದರೋ ಹೀಗೆ ಹೇಳುತ್ತೇನೆ’ ಎಂಬ ಧಾಟಿ ಅಲ್ಲಿ ಮತ್ತೆ ಮತ್ತೆ ಬರುತ್ತದೆ. 7ನೆಯ ಅಧ್ಯಾಯದ 21ರಿಂದ 23ರವರೆಗಿನ ವಚನಗಳಲ್ಲಂತೂ ಕಡೆಯ ದಿನ ತೀರ್ಪು ಕೊಡುವವನು ತಾನೇ ಎಂಬಂತೆ ಯೇಸು ಮಾತಾಡುತ್ತಾನೆ. ಇವು ಯೇಸುವಿನದೇ ಮಾತೋ ನಂತರದವರು ಸೇರಿಸಿದ್ದೋ ಎಂಬ ಚರ್ಚೆ ವಿದ್ವಾಂಸರಲ್ಲಿ ಇದೆ. ಆದರೆ ಈಗಿರುವ ಪಠ್ಯದಲ್ಲಿ ಬೋಧನೆಯೂ ಬೋಧಕನ ಹಕ್ಕೂ ಹೆಣೆದುಕೊಂಡಿವೆ. ಒಂದನ್ನು ಎಳೆದರೆ ಇನ್ನೊಂದೂ ಜೊತೆಗೆ ಬರುತ್ತದೆ.

ಪ್ರಶ್ನೆ: ಎಲ್ಲ ಧರ್ಮಗಳೂ ಹೇಳುವುದು ಒಂದನ್ನೇ ಅಲ್ಲವೇ? ಹಾಗಿದ್ದರೆ ಜಗಳವೇಕೆ?

ಉತ್ತರ: ನೀತಿಯ ಮಟ್ಟಿಗೆ ಬಹುಪಾಲು ಒಂದೇ. ಬೇರೆಯಾಗುವುದು ಅದಕ್ಕಿಂತ ಒಂದು ಮೆಟ್ಟಿಲು ಕೆಳಗೆ, ಮನುಷ್ಯನಿಗೆ ಆಗಿರುವ ರೋಗ ಯಾವುದು ಎಂಬಲ್ಲಿ. ಕ್ರೈಸ್ತರು ಪಾಪ ಎನ್ನುತ್ತಾರೆ: ದೇವರೊಂದಿಗಿನ ಸಂಬಂಧ ಮುರಿದಿದೆ, ಮನುಷ್ಯ ತನ್ನ ಕೈಯಿಂದ ಅದನ್ನು ಬೆಸೆಯಲಾರ. ಹಾಗಾಗಿ ಅವರಿಗೆ ಗುರು ಸಾಲದು, ರಕ್ಷಕ ಬೇಕು. ಅದ್ವೈತಿಗೆ ರೋಗ ಅವಿದ್ಯೆ, ಮದ್ದು ಜ್ಞಾನ. ಬೌದ್ಧರಿಗೆ ದುಃಖದ ಬೇರು ತೃಷ್ಣೆ, ಮದ್ದು ಅಷ್ಟಾಂಗ ಮಾರ್ಗ. ಇಸ್ಲಾಮಿನಲ್ಲಿ ಆದಮನ ತಪ್ಪನ್ನು ದೇವರು ಕ್ಷಮಿಸಿದ್ದಾಯಿತು, ಅದು ಮಕ್ಕಳಿಗೆ ಇಳಿದುಬರುವುದಿಲ್ಲ. ಮನುಷ್ಯನಿಗೆ ಬೇಕಾದದ್ದು ದಾರಿ ತೋರುವ ಮಾತು. ಯಹೂದಿ ಧರ್ಮವೂ ಜನ್ಮಪಾಪದ ಸಿದ್ಧಾಂತವನ್ನು ಒಪ್ಪಿಲ್ಲ. ರೋಗವನ್ನೇ ಒಪ್ಪದವನಿಗೆ ಶಿಲುಬೆ ಎಂಬ ಮದ್ದು ವಿಚಿತ್ರವಾಗಿಯೇ ಕಾಣಬೇಕು. ವಾದಗಳು ಕೆಡುವುದೂ ಇಲ್ಲೇ. ಎರಡೂ ಕಡೆಯವರು ಮದ್ದಿನ ಬಗ್ಗೆ ಗಂಟೆಗಟ್ಟಲೆ ಕಿತ್ತಾಡುತ್ತಾರೆ, ರೋಗ ಯಾವುದೆಂದು ಯಾರೂ ಕೇಳಿರುವುದಿಲ್ಲ.

ಇನ್ನು ಯೇಸು ಯಾರು ಎಂಬ ಪ್ರಶ್ನೆ. ಯಹೂದಿಗಳು ಕೇಳುವುದು ಸರಳ: ಮೆಸ್ಸೀಯ (ದೇವರು ಕಳಿಸುವುದಾಗಿ ಮಾತುಕೊಟ್ಟ ಅಭಿಷಿಕ್ತ) ಬಂದದ್ದಾದರೆ ಯೆಶಾಯ 2:4ರಲ್ಲಿ ಹೇಳಿದಂತೆ ಕತ್ತಿಗಳೆಲ್ಲ ನೇಗಿಲ ಗುಳಗಳಾಗಬೇಕಿತ್ತು, ಆಗಿವೆಯೇ? ಮುಸ್ಲಿಮರ ನಿಲುವು ಹಲವರಿಗೆ ಅಚ್ಚರಿ ತರುತ್ತದೆ. ಕುರಾನಿನ 19ನೆಯ ಅಧ್ಯಾಯದ ಹೆಸರೇ ಮರ್ಯಮ್. ಯೇಸು ಕನ್ಯೆಯ ಮಗ, ಮಸೀಹ (ಮೆಸ್ಸೀಯ), ಪವಾಡ ಮಾಡಿದ ಪ್ರವಾದಿ ಎಂಬುದೆಲ್ಲ ಅಲ್ಲಿ ಒಪ್ಪಿಗೆಯೇ. ಆದರೆ 4:157ರ ಪ್ರಕಾರ ಅವನನ್ನು ಶಿಲುಬೆಗೇರಿಸಿ ಕೊಲ್ಲಲಿಲ್ಲ, ಅವರಿಗೆ ಹಾಗೆ ಕಂಡಿತು ಅಷ್ಟೇ. ಕ್ರೈಸ್ತಧರ್ಮ ನಿಂತಿರುವುದೇ ಆ ಒಂದು ಸಾವಿನ ಮೇಲೆ.

‘ರಾಮ, ಕೃಷ್ಣರಂತೆ ಯೇಸುವೂ ಒಂದು ಅವತಾರ’ ಎನ್ನುವುದು ಔದಾರ್ಯದ ಮಾತು ನಿಜ. ಕ್ರೈಸ್ತರು ಅದಕ್ಕೆ ತಲೆದೂಗದಿರಲು ಕಾರಣ ಬರಿಯ ಹಟವಲ್ಲ. ಗೀತೆಯ ಅವತಾರ ಯುಗಯುಗದಲ್ಲೂ ಆಗುವಂಥದ್ದು. ಕ್ರೈಸ್ತರದು ಒಂದೇ ಒಂದು ಬಾರಿ. ಅದೂ ಅಲ್ಲದೆ, 451ರಲ್ಲಿ ಕಾಲ್ಸೆಡಾನ್‌ನಲ್ಲಿ ಸೇರಿದ ಬಿಷಪರ ಮಹಾಸಭೆಯ ತೀರ್ಮಾನದಂತೆ ಯೇಸು ಪೂರ್ಣ ದೇವರು, ಪೂರ್ಣ ಮನುಷ್ಯ. ಹಸಿವು, ಹೆದರಿಕೆ, ಸಾವು ಯಾವುದೂ ಲೀಲೆಯಲ್ಲ. ಆ ತೀರ್ಮಾನವನ್ನು ಕ್ರೈಸ್ತರಲ್ಲೇ ಕೆಲವು ಪೌರಸ್ತ್ಯ ಸಭೆಗಳು ಒಪ್ಪಲಿಲ್ಲ.

ಪ್ರಶ್ನೆ: ದೇವರು ಒಳ್ಳೆಯವನಾದರೆ ಏನೂ ತಪ್ಪು ಮಾಡದ ಮಗುವಿಗೆ ಕ್ಯಾನ್ಸರ್ ಯಾಕೆ? ಕ್ರೈಸ್ತರ ಬಳಿ ಉತ್ತರ ಇದೆಯೇ?

ಉತ್ತರ: ಸಾಮಾನ್ಯವಾಗಿ ಕೊಡುವ ಉತ್ತರ, ‘ದೇವರು ಮನುಷ್ಯನಿಗೆ ಸ್ವಾತಂತ್ರ್ಯ ಕೊಟ್ಟ’ ಎಂಬುದು. ಕೊಲೆಗೆ, ಯುದ್ಧಕ್ಕೆ ಇದು ಹೊಂದುತ್ತದೆ. ಕ್ಯಾನ್ಸರಿಗೆ, ಭೂಕಂಪಕ್ಕೆ ಹೊಂದುವುದಿಲ್ಲ. 1755ರ ನವೆಂಬರ್ 1ರಂದು, ಸಕಲ ಸಂತರ ಹಬ್ಬದ ಬೆಳಿಗ್ಗೆ, ಜನ ಚರ್ಚುಗಳಲ್ಲಿ ತುಂಬಿದ್ದಾಗಲೇ ಲಿಸ್ಬನ್ ನಗರ ಕುಸಿಯಿತು. ‘ಇರುವುದರಲ್ಲಿ ಇದೇ ಅತ್ಯುತ್ತಮ ಜಗತ್ತು’ ಎಂಬ ಸಮಾಧಾನವನ್ನು ಫ್ರೆಂಚ್ ಲೇಖಕ ವೋಲ್ಟೇರ್ ಗೇಲಿ ಮಾಡಿದ್ದು ಆ ಬಳಿಕವೇ. ನಾಸ್ತಿಕರ ಅತಿ ಬಲವಾದ ವಾದ ಇಂದಿಗೂ ಇದೇ.

ಬೈಬಲಿನೊಳಗೇ ಇದಕ್ಕೆ ಮೀಸಲಾದ 42 ಅಧ್ಯಾಯಗಳ ಪುಸ್ತಕವಿದೆ, ಯೋಬನದು. ‘ನೀನೇನೋ ಪಾಪ ಮಾಡಿರಬೇಕು’ ಎಂದು ಗೆಳೆಯರು ಯೋಬನಿಗೆ ಉದ್ದಕ್ಕೂ ಬುದ್ಧಿ ಹೇಳುತ್ತಾರೆ. ಕೊನೆಗೆ (42:7) ದೇವರು ಗದರುವುದು ಆ ಗೆಳೆಯರನ್ನೇ. ಆದರೆ ಯಾಕೆ ಎಂಬುದಕ್ಕೆ ಅಲ್ಲೂ ಕಾರಣ ಕೊಡುವುದಿಲ್ಲ. ಯೋಹಾನ 9ರಲ್ಲಿ ಹುಟ್ಟುಕುರುಡನನ್ನು ತೋರಿಸಿ ‘ಇದು ಯಾರ ಪಾಪ?’ ಎಂದು ಶಿಷ್ಯರು ಕೇಳುತ್ತಾರೆ. ಇವನದೂ ಅಲ್ಲ, ತಂದೆತಾಯಿಯದೂ ಅಲ್ಲ ಎನ್ನುತ್ತಾನೆ ಯೇಸು. ಕರ್ಮಸಿದ್ಧಾಂತ ಕಾರಣವನ್ನು ಕೊಡುತ್ತದೆ, ಆದರೆ ಮಗುವಿನ ಹಾಸಿಗೆಯ ಪಕ್ಕ ನಿಂತು ಹೇಳಲಾಗದ ಕಾರಣ ಅದು. ಬುದ್ಧನದು ಬೇರೆಯೇ ದಾರಿ: ಬಾಣ ನೆಟ್ಟವನು ಬಾಣ ಬಿಟ್ಟವನ ಕುಲ, ಊರು ವಿಚಾರಿಸುತ್ತ ಕೂರಬಾರದು, ಮೊದಲು ಬಾಣ ಕೀಳಿಸಿಕೊಳ್ಳಬೇಕು. ಕ್ರೈಸ್ತರಲ್ಲಿ ಪ್ರಾಮಾಣಿಕರಾದವರು ಹೇಳುವುದು ಇಷ್ಟೇ: ಕಾರಣ ಗೊತ್ತಿಲ್ಲ, ದೇವರೂ ಶಿಲುಬೆಯ ಮೇಲೆ ಆ ನೋವು ಉಂಡ. ಇದು ವಿವರಣೆಯಲ್ಲ, ಜೊತೆಗಿರುವ ಮಾತು. ವಿವರಣೆಯೆಂದು ಯಾರಾದರೂ ಕೊಟ್ಟರೆ ತೆಗೆದುಕೊಳ್ಳಬೇಡಿ.

ಪ್ರಶ್ನೆ: ನಂಬದವರೆಲ್ಲ ನರಕಕ್ಕೇ ಹೋಗುತ್ತಾರೆಯೇ?

ಉತ್ತರ: ಯಾವ ಸಭೆಯವರನ್ನು ಕೇಳುತ್ತೀರಿ ಎಂಬುದರ ಮೇಲೆ ನಿಂತಿದೆ. ತನ್ನ ತಪ್ಪಿಲ್ಲದೆ ಸುವಾರ್ತೆಯನ್ನು (ಯೇಸುವಿನ ಸಂದೇಶವನ್ನು) ಅರಿಯದೆ, ಮನಸ್ಸಾಕ್ಷಿಯಂತೆ ಬಾಳಿದವನಿಗೂ ರಕ್ಷಣೆ ಸಾಧ್ಯ ಎಂದು ಕ್ಯಾಥೋಲಿಕ್ ಸಭೆ 1964ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆಯಲ್ಲಿ ಬರೆದಿಟ್ಟಿತು. ಯೋಹಾನ 14:6ನ್ನು (‘ನನ್ನ ಮೂಲಕವಲ್ಲದೆ ಯಾರೂ ತಂದೆಯ ಬಳಿಗೆ ಬರುವುದಿಲ್ಲ’) ಹಿಡಿದು ಇಲ್ಲವೆನ್ನುವ ಪ್ರೊಟೆಸ್ಟೆಂಟರು ಬಹಳ ಮಂದಿ.

ಪ್ರಶ್ನೆ: ಮತಾಂತರದ ಉದ್ದೇಶವಿಲ್ಲ. ತಿಳಿಯಲಿಕ್ಕಾಗಿ ಬೈಬಲ್ ಓದಬೇಕು. ಎಲ್ಲಿಂದ ಶುರು ಮಾಡಲಿ?

ಉತ್ತರ: ಮೊದಲ ಪುಟದಿಂದಂತೂ ಬೇಡ. ಆದಿಕಾಂಡ ಕಥೆಯಾಗಿ ಓಡುತ್ತದೆ, ವಿಮೋಚನಕಾಂಡದ 25ನೆಯ ಅಧ್ಯಾಯದಿಂದ ದೇವರ ಆರಾಧನೆಯ ಗುಡಾರದ ಅಳತೆಗಳು ಶುರುವಾಗುತ್ತವೆ. ಅದನ್ನು ದಾಟಿದವರೂ ಯಾಜಕಕಾಂಡದಲ್ಲಿ ಪುಸ್ತಕ ಮುಚ್ಚಿಡುತ್ತಾರೆ. ಮಾರ್ಕನ ಸುವಾರ್ತೆಯಿಂದ, ಅಂದರೆ ಮಾರ್ಕನ ಹೆಸರಿನಲ್ಲಿರುವ ಯೇಸುವಿನ ಕಥೆಯಿಂದ, ಆರಂಭಿಸಿ. 16 ಅಧ್ಯಾಯ, ಸುಮಾರು ಒಂದೂವರೆ ಗಂಟೆ. ಒಂದೇ ಕೂತಿನಲ್ಲಿ ಓದಿ. ಅತಿ ಹಳೆಯ ಪ್ರತಿಗಳಲ್ಲಿ ಅದು 16:8ಕ್ಕೇ ಮುಗಿಯುತ್ತದೆ: ಖಾಲಿ ಸಮಾಧಿ, ಹೆದರಿ ಓಡುವ ಹೆಂಗಸರು. ಆಮೇಲೆ ಪರ್ವತ ಪ್ರಸಂಗ, ತಪ್ಪಿಹೋದ ಮಗನ ಕಥೆ ಇರುವ ಲೂಕ 15. ಬಳಿಕ ಯೋಬನ ಮೊದಲ ಮೂರು, ಕೊನೆಯ ಐದು ಅಧ್ಯಾಯಗಳು, ಮತ್ತು ಪ್ರಸಂಗಿ. ‘ಎಲ್ಲವೂ ವ್ಯರ್ಥ’ ಎನ್ನುವ ಈ 12 ಅಧ್ಯಾಯಗಳು ನಾಸ್ತಿಕರಿಗೂ ರುಚಿಸುತ್ತವೆ. ಪಾಪ, ಕೃಪೆ ಎಂದರೇನೆಂದು ತಿಳಿಯಲು ಆದಿ ಕ್ರೈಸ್ತ ಬೋಧಕ ಪೌಲನು ರೋಮಾಪುರದವರಿಗೆ ಬರೆದ ಪತ್ರದ ಮೊದಲ 8 ಅಧ್ಯಾಯಗಳು ಕೊನೆಗಿರಲಿ, ಅವು ಗಟ್ಟಿ ಕಡಲೆ.

ಒಂದೇ ವಚನವನ್ನು ಕಿತ್ತು ಓದಬೇಡಿ. ಲೂಕ 14:26ರಲ್ಲಿ ತಂದೆತಾಯಿಯನ್ನು ದ್ವೇಷಿಸಬೇಕು ಎಂದಿದೆ. ಅದೇ ಮಾತು ಮತ್ತಾಯ 10:37ರಲ್ಲಿ ‘ನನಗಿಂತ ಹೆಚ್ಚಾಗಿ ಪ್ರೀತಿಸುವವನು’ ಎಂದು ಬರುತ್ತದೆ. ಮತ್ತಾಯ 10:34ರಲ್ಲಿ ತಾನು ತರಲು ಬಂದದ್ದೆಂದು ಯೇಸು ಹೇಳುವ ‘ಕತ್ತಿ’ ಲೂಕ 12:51ರಲ್ಲಿ ‘ಭೇದ’ವಾಗಿದೆ. ಅಕ್ಕಪಕ್ಕ ಇಟ್ಟು ನೋಡಿದರೆ ಅರ್ಧ ಗೊಂದಲ ಅಲ್ಲೇ ಬಗೆಹರಿಯುತ್ತದೆ. ಕೊಳ್ಳುವಾಗ ಪುಸ್ತಕಗಳ ಪಟ್ಟಿ ನೋಡಿಕೊಳ್ಳಿ: ಪ್ರೊಟೆಸ್ಟೆಂಟ್ ಬೈಬಲಿನಲ್ಲಿ 66, ಕ್ಯಾಥೋಲಿಕ್ ಬೈಬಲಿನಲ್ಲಿ 73. ವ್ಯತ್ಯಾಸವೆಲ್ಲ ಹಳೆಯ ಒಡಂಬಡಿಕೆಯಲ್ಲಿ; ಮೇಲೆ ಹೇಳಿದ ಭಾಗಗಳು ಎರಡರಲ್ಲೂ ಸಿಗುತ್ತವೆ.