ತೂಕಕ್ಕೆ ಇನ್ನೊಂದು ದಾರಿ

ಉಕ್ಕಿನ ತುಂಡುಗಳನ್ನು ತ್ರಿಕೋನಗಳಾಗಿ ಜೋಡಿಸಿ ಕಟ್ಟುವ ಟ್ರಸ್ ಸೇತುವೆಗಳ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನ ಓದಿ ನೀವು ಬರೆದ ಪತ್ರದ ಸಾರ ಇಷ್ಟು: ‘ನೂರಾರು ಉಕ್ಕಿನ ತುಂಡುಗಳಿರುವ ಸೇತುವೆ ಒಂದೇ ತುಂಡು ಕೈಕೊಟ್ಟರೆ ಇಡಿಯಾಗಿ ಬೀಳುತ್ತದೆ ಅನ್ನುವುದು ಅತಿರೇಕ. ಬೀಳುವುದು ತುಕ್ಕು ಹಿಡಿದ ಹಳೇ ಸೇತುವೆಗಳು ಮಾತ್ರ. ಓದುಗರನ್ನು ಸುಮ್ನೆ ಹೆದರಿಸಬೇಡಿ.’

ತುಕ್ಕಿನ ಮಾತು ಒಪ್ಪಿದೆ. ಒಂದೇ ಏಟಿಗೆ ಎಲ್ಲ ಟ್ರಸ್ಸೂ ಬೀಳುವುದಿಲ್ಲ ಅನ್ನುವುದೂ ಸರಿ. ಸ್ಪೇನಿನ ವಲೆನ್ಸಿಯಾದ ಸಂಶೋಧಕರು ಈಚೆಗೆ ಸೇತುವೆಯ ಮಾದರಿಯನ್ನು ಬೇಕೆಂದೇ ಕೆಡಿಸಿ ನೋಡಿದ್ದಾರೆ. ಕೆಲವು ಸಲ ತೂಕ ಬೇರೆ ದಾರಿ ಹಿಡಿದು ಸೇತುವೆ ನಿಂತೇ ಇರುತ್ತದೆ. ಆದರೆ ‘ನೂರಾರು ತುಂಡುಗಳಿವೆಯಲ್ಲ’ ಅನ್ನುವ ನಿಮ್ಮ ಧೈರ್ಯ ಇದೆಯಲ್ಲ, ನನಗೆ ಭಯ ಹುಟ್ಟಿಸುವುದೇ ಅದು.

ಟ್ರಸ್ಸಿನ ಬಲವೆಲ್ಲ ತ್ರಿಕೋನದಲ್ಲಿದೆ. ಒಂದು ತುಂಡು ಎಳೆತ ತಡೆಯುತ್ತದೆ, ಪಕ್ಕದ್ದು ಒತ್ತಡ ತಡೆಯುತ್ತದೆ. ಒಂದು ತುಂಡು ಹೋದರೆ ಅಕ್ಕಪಕ್ಕದ ಎರಡು ತ್ರಿಕೋನ ಸೇರಿ ಚೌಕವಾಗುತ್ತದೆ, ಚೌಕ ವಾಲುತ್ತದೆ. ಅದರ ಪಾಲಿನ ತೂಕ ಪಕ್ಕದವುಗಳ ಮೇಲೆ ಬೀಳುತ್ತದೆ, ಅದೂ ನಿಧಾನವಾಗಿ ಅಲ್ಲ. ನಾಲ್ವರು ಹೊತ್ತ ಬೀರುವಿನಲ್ಲಿ ಒಬ್ಬ ಥಟ್ಟನೆ ಕೈಬಿಟ್ಟರೆ ಉಳಿದವರ ಭುಜ ಜಗ್ಗುತ್ತದಲ್ಲ, ಹಾಗೆ ಜಗ್ಗಿಕೊಂಡು ಬೀಳುತ್ತದೆ. ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಎಳೆತಕ್ಕೆಂದೇ ಮಾಡಿದ ತೆಳು ತುಂಡಿನ ಮೇಲೆ ಈಗ ಒತ್ತಡ ಬರಬಹುದು. ಅದು ಡೊಂಕಾಗಿ ಬಾಗುತ್ತದೆ. ಆಮೇಲೆ ಅದರ ಪಕ್ಕದ್ದು. ಇದೆಲ್ಲ ಆಗಲು ಕೆಲವೇ ಸೆಕೆಂಡು ಸಾಕು.

ಅಮೆರಿಕದ ಮಿನಿಯಾಪೊಲಿಸ್ ನೋಡಿ. 2007ರ ಆಗಸ್ಟ್ 1ರ ಸಂಜೆ ಮಿಸಿಸಿಪ್ಪಿ ನದಿಯ ಮೇಲಿನ ಹೆದ್ದಾರಿ ಸೇತುವೆ ಬಿತ್ತು. 13 ಜನ ಸತ್ತರು. ತುಕ್ಕಿನಿಂದಲೇ ಬಿತ್ತು ಅಂತ ಎಷ್ಟೋ ಜನ ಅಂದುಕೊಂಡರು, ನಿಮ್ಮ ಹಾಗೆಯೇ. ತನಿಖೆ ಹೇಳಿದ್ದು ಬೇರೆ. ತುಂಡುಗಳು ಸೇರುವ ಕಡೆ ಅವನ್ನು ಹಿಡಿದಿಡುವ ಗಸೆಟ್ ಪ್ಲೇಟುಗಳಲ್ಲಿ ಕೆಲವು ಅರ್ಧ ಇಂಚು ದಪ್ಪ ಇದ್ದವು. ಇರಬೇಕಾಗಿದ್ದು ಸುಮಾರು ಒಂದು ಇಂಚು. ಸೇತುವೆ 1967ರಲ್ಲಿ ತೆರೆದ ದಿನದಿಂದಲೂ ಆ ತಪ್ಪು ಅಲ್ಲೇ ಕೂತಿತ್ತು. 1977ರಲ್ಲಿ ರಸ್ತೆಯ ಮೇಲೆ ಕಾಂಕ್ರೀಟಿನ ಇನ್ನೊಂದು ಪದರ ಬಂತು. ಬಿದ್ದ ದಿನ ರಿಪೇರಿಗೆ ತಂದ ಜಲ್ಲಿ, ಮರಳು, ಯಂತ್ರಗಳು ಆ ದುರ್ಬಲ ಜಾಗದ ಹತ್ತಿರವೇ ನಿಂತಿದ್ದವು. 2003ರಲ್ಲಿ ತೆಗೆದ ಫೋಟೋಗಳಲ್ಲೇ ಆ ಪ್ಲೇಟುಗಳು ಬಾಗಿರುವುದು ಕಾಣುತ್ತದೆ. ಆ ಭಾಗ ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಕಣ್ಣಿಗೆ ಬಿದ್ದಿತ್ತು, ಲೆಕ್ಕಕ್ಕೆ ಬರಲಿಲ್ಲ. ಸೇತುವೆ ಎಷ್ಟು ತೂಕ ತಡೆಯುತ್ತದೆ ಅಂತ ಲೆಕ್ಕ ಹಾಕುವಾಗ ಆಗೆಲ್ಲ ಗಸೆಟ್ ಪ್ಲೇಟುಗಳನ್ನು ಸೇರಿಸುತ್ತಲೇ ಇರಲಿಲ್ಲ.

ಹಳೇದಾದರೆ ಮಾತ್ರ ಬೀಳುತ್ತದೆ ಅಂತೀರಿ. ಸಿಯೋಲಿನ ಸಿಯೊಂಗ್ಸು ಸೇತುವೆ ತೆರೆದದ್ದು 1979ರಲ್ಲಿ, ಅದರ ನಡುವಿನ ಭಾಗ ಕಳಚಿ ಬಿದ್ದದ್ದು 1994ರಲ್ಲಿ. ಕೆಟ್ಟ ವೆಲ್ಡಿಂಗ್ 32 ಜನರನ್ನು ಕೊಂದಿತು. ಕೆನಡಾದ ಕ್ವಿಬೆಕ್ ಸೇತುವೆಯಂತೂ ಕಟ್ಟುವಾಗಲೇ ಬಿತ್ತು, 1907ರ ಆಗಸ್ಟ್ 29ರಂದು. 75 ಕೆಲಸಗಾರರು ಸತ್ತರು. ನಡುವಿನ ಎರಡು ಕಂಬಗಳ ಅಂತರವನ್ನು 1600 ಅಡಿಯಿಂದ 1800 ಅಡಿಗೆ ಏರಿಸಿದ್ದರು, ಆದರೆ ಸೇತುವೆಯ ಸ್ವಂತ ತೂಕವನ್ನು ಹೊಸದಾಗಿ ಲೆಕ್ಕ ಹಾಕಿರಲಿಲ್ಲ. ಕೆಳಗಿನ ತೊಲೆ ಬಾಗುತ್ತಿದೆ ಅಂತ ಸ್ಥಳದಲ್ಲಿದ್ದ ಎಂಜಿನಿಯರ್ ನ್ಯೂಯಾರ್ಕಿನವರೆಗೆ ಹೋಗಿ ಹೇಳಿದರು. ಇನ್ನು ತೂಕ ಹೇರಬೇಡಿ ಎಂಬ ಸಂದೇಶ ಹೊರಟಿತ್ತು, ಆದರೆ ಸೇತುವೆಯ ಮೇಲಿದ್ದವರಿಗೆ ಹೊತ್ತಿಗೆ ಸರಿಯಾಗಿ ಮುಟ್ಟಲಿಲ್ಲ. 2013ರಲ್ಲಿ ವಾಷಿಂಗ್ಟನ್ ರಾಜ್ಯದ ಸ್ಕ್ಯಾಜಿಟ್ ನದಿಯ ಸೇತುವೆಗೆ ತಗುಲಿದ್ದು ಲಾರಿಯೊಂದರ ಎತ್ತರದ ಹೊರೆ. ಅದು ತಲೆಯ ಮೇಲಿನ ಅಡ್ಡಪಟ್ಟಿಗಳಿಗೆ ಬಡಿಯಿತು, ಸೇತುವೆಯ ಒಂದು ಭಾಗ ಇಡಿಯಾಗಿ ನೀರಿಗೆ ಬಿತ್ತು. ಪುಣ್ಯಕ್ಕೆ ಯಾರೂ ಸಾಯಲಿಲ್ಲ.

ಈಗ ಅಮೆರಿಕದ ಮೆಂಫಿಸ್ ಬಗ್ಗೆ ಹೇಳಬೇಕು. ಅಲ್ಲಿನ ಕಮಾನು ಸೇತುವೆಯ ಮುಖ್ಯ ಉಕ್ಕಿನ ತೊಲೆಯಲ್ಲಿ 2021ರ ಮೇ ತಿಂಗಳಲ್ಲಿ ದೊಡ್ಡ ಬಿರುಕು ಪತ್ತೆಯಾಯಿತು. ಆ ಬಿರುಕು ಕೆಲವು ವರ್ಷ ಹಿಂದಿನ ಫೋಟೋಗಳಲ್ಲೂ ಇತ್ತು! ಅಷ್ಟು ಕಾಲ ವಾಹನಗಳು ಓಡಾಡಿದರೂ ಸೇತುವೆ ಬೀಳಲಿಲ್ಲ. ತೂಕಕ್ಕೆ ಹೇಗೋ ಇನ್ನೊಂದು ದಾರಿ ಸಿಕ್ಕಿತ್ತು.

ಆ ಇನ್ನೊಂದು ದಾರಿಯನ್ನು ಅದೃಷ್ಟಕ್ಕೆ ಬಿಡದೆ ಬೇಕೆಂದೇ ಕಟ್ಟಬೇಕು ಅಂತ ನಾನು ಈ ಅಂಕಣದಲ್ಲಿ ಹಟ ಹಿಡಿಯುತ್ತಲೇ ಬಂದಿದ್ದೇನೆ. ಅದಕ್ಕೆ ಉಕ್ಕು ಜಾಸ್ತಿ ಬೇಕು, ದುಡ್ಡೂ ಜಾಸ್ತಿ ಬೇಕು. ನನಗೆ ಗೊತ್ತಿರುವ ನಿವೃತ್ತ ಎಂಜಿನಿಯರೊಬ್ಬರು ಹೇಳುತ್ತಾರೆ, ಅಂದಾಜು ಪಟ್ಟಿಗೆ ಕತ್ತರಿ ಬೀಳುವಾಗ ಮೊದಲು ಹೋಗುವುದೇ ಈ ‘ಹೆಚ್ಚುವರಿ’. ಎಲ್ಲ ಕಡೆಯೂ ಇದೇ ಆಗಿದೆ ಅಲ್ವಾ? ಆಸ್ಪತ್ರೆಯಲ್ಲಿ ಖಾಲಿ ಹಾಸಿಗೆ ಇದ್ದರೆ ದಂಡ ಅನ್ನುತ್ತಾರೆ. ಕಚೇರಿಯಲ್ಲಿ ಕೆಲಸ ಬಲ್ಲ ಎರಡನೇ ಮನುಷ್ಯ ದಂಡ. ಸೇತುವೆ ಉದ್ಘಾಟಿಸಿದವರ ಹೆಸರು ಕಲ್ಲಿನಲ್ಲಿರುತ್ತದೆ. ಟಾರ್ಚ್ ಹಿಡಿದು ಅಡಿಯಲ್ಲಿ ತೆವಳಿ ಒಂದೊಂದು ರಿವೆಟ್ ನೋಡುವವರ ಹೆಸರು ಎಲ್ಲಿಯೂ ಇರುವುದಿಲ್ಲ. ಅವರು ಬರೆದ ವರದಿಯನ್ನೂ ಯಾರೂ ತೆರೆಯದಿದ್ದರೆ ಅವರಾದರೂ ಏನು ಮಾಡಬೇಕು?

ನೀವು ಲೆಕ್ಕ ಬಲ್ಲವರು, ಅದು ಪತ್ರದಲ್ಲೇ ಗೊತ್ತಾಗುತ್ತದೆ. ಹಾಗಾಗಿ ಒಂದು ಕೆಲಸ ಒಪ್ಪಿಸುತ್ತೇನೆ. ಯಾವುದಾದರೂ ಟ್ರಸ್ಸಿನ ಚಿತ್ರ ತೆಗೆದುಕೊಂಡು ಒಂದು ತುಂಡನ್ನು ಅಳಿಸಿ. ಆಮೇಲೆ ತೂಕ ಎಲ್ಲಿಗೆ ಹೋಗುತ್ತದೆ ಅಂತ ಹುಡುಕಿ ಬರೆಯಿರಿ. ಆ ಪತ್ರವನ್ನು ಒಂದಕ್ಷರ ಬಿಡದೆ ಅಚ್ಚು ಹಾಕುತ್ತೇನೆ.

— ಸಂಪಾದಕ