ಫೋರ್ಕಿಗೆ 20 ಡಬ್ಲ್ಯೂ ಸುರಿಸುವ ಮುಂಚೆ ಟೇಪು ಹಿಡಿಯಿರಿ

ಸರ್, ದಯವಿಟ್ಟು ಆ ಆಯಿಲ್ ಬಾಟಲಿ ಈಗಲೇ ತೆರೆಯಬೇಡಿ. ನಿಮ್ಮದು ರಾಯಲ್ ಎನ್‌ಫೀಲ್ಡ್ ಇಂಟರ್‌ಸೆಪ್ಟರ್ 650, ನಿಮ್ಮ ತೂಕ 64 ಕೆಜಿ. ಬ್ರೇಕ್ ಹಿಡಿದರೆ ಮುಂದೆ ಮುಗ್ಗರಿಸುತ್ತದೆ, ಹಂಪ್ಸ್ ಹಾರಿದರೆ ಸೊಂಟಕ್ಕೆ ಏಟು. ಅದಕ್ಕೆ ಮೆಕ್ಯಾನಿಕ್ ಹಿಂದಿನ ಎರಡೂ ಶಾಕಿನ ಪ್ರಿಲೋಡ್ (ಸ್ಪ್ರಿಂಗನ್ನು ಮೊದಲೇ ಒತ್ತಿಡುವ ಕಾಲರ್) 5ನೇ ಸ್ಟೆಪ್ಪಿಗೆ ಏರಿಸಿದ್ದಾರೆ. ಭಾನುವಾರ ಮುಂದಿನ ಫೋರ್ಕಿಗೆ (ಚಕ್ರ ಹಿಡಿದಿರುವ ಎರಡು ಕಾಲು) 20 ಡಬ್ಲ್ಯೂ ಅನ್ನುವ ಗಟ್ಟಿ ಆಯಿಲ್ ಹಾಕ್ತೀನಿ ಅಂದಿದ್ದಾರೆ. ಆಮೇಲೆ ಪಕ್ಕದಲ್ಲಿ ಆಯಿಲ್, ಗ್ಯಾಸಿನ ಡಬ್ಬಿ ಇರುವ ಶಾಕ್ ಯಾವುದು ತಗೊಳ್ಳಲಿ ಅಂತ ಕೇಳಿದ್ದೀರಿ. ನನ್ನ ತಮ್ಮನ ಗಾಡಿಗೂ ಇದೇ ಮೂರು ಕೆಲಸ ಇದೇ ಕ್ರಮದಲ್ಲಿ ಆಗಿತ್ತು. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ಬೇಜಾರಾಗಬೇಡಿ.

ಅವನದ್ದೂ ಇಂಟರ್‌ಸೆಪ್ಟರ್. ಗಟ್ಟಿ ಆಯಿಲ್ ಹಾಕಿಸಿಕೊಂಡು ಬಂದ ದಿನ ಊರೊಳಗೆ ಓಡಿಸಿ ಖುಷಿಪಟ್ಟ. ಬ್ರೇಕ್ ಹಿಡಿದರೆ ಮುಂದೆ ಬಗ್ಗುವುದು ಕಡಿಮೆ ಆಗಿತ್ತು. ಬಣ್ಣ ಬಯಲಾಗಿದ್ದು ಚಾರ್ಮಾಡಿ ಇಳಿಯುವಾಗ. ಮಳೆಗಾಲ ಮುಗಿದ ಮೇಲಿನ ರಸ್ತೆ, ತಿರುವಿನಲ್ಲಿ ಸಾಲಾಗಿ ಗುಂಡಿ. ಮೊದಲ ಗುಂಡಿ ಫೋರ್ಕ್ ನುಂಗಿತು. ಆದರೆ ಅದು ವಾಪಸ್ ಮೇಲೇಳುವ ಮುಂಚೆ ಎರಡನೆಯದು ಬಂತು, ಆಮೇಲೆ ಮೂರನೆಯದು. ಪ್ರತಿ ಸಲ ಇನ್ನಷ್ಟು ಕೆಳಗೇ ಉಳಿದು, ಕೊನೆಗೆ ಟ್ರಾವೆಲ್ಲೇ (ಮೇಲೆ ಕೆಳಗೆ ಆಡುವ ಜಾಗ) ಇಲ್ಲದೆ ಮುಂದಿನ ಚಕ್ರ ನೆಲ ಬಿಟ್ಟು ಪಕ್ಕಕ್ಕೆ ಹಾರಿತು. ಎದುರಿಗೆ ಬಸ್ ಇರಲಿಲ್ಲ, ಬಚಾವಾದ. ಮನೆಗೆ ಬಂದು ಆಯಿಲ್ ಇಳಿಸಿ ಅಳೆದರೆ ಎರಡು ಕಾಲಿಗೂ ಬೇರೆ ಬೇರೆ ಪ್ರಮಾಣ. ಒಂದರಲ್ಲಿ ಎಷ್ಟು ಜಾಸ್ತಿ ಇತ್ತೆಂದರೆ ಸೀಲಿನ ತುಟಿಯಲ್ಲಿ ಆಗಲೇ ಎಣ್ಣೆ ಒಸರುತ್ತಿತ್ತು.

ಗಾಡಿಯ ಭಾರ ಹೊರುವುದು ಸ್ಪ್ರಿಂಗ್, ಆಯಿಲ್ ಅಲ್ಲ. ಆಯಿಲ್ ಚಲನೆಯ ವೇಗವನ್ನು ಮಾತ್ರ ತಡೆಯುತ್ತದೆ. ಗಟ್ಟಿ ಆಯಿಲ್ ಹಾಕಿದರೆ ಫೋರ್ಕ್ ಬಗ್ಗುವುದು ನಿಧಾನ ಆಗುತ್ತದೆ, ನಿಲ್ಲುವುದಿಲ್ಲ. ಇಂಟರ್‌ಸೆಪ್ಟರ್‌ನದ್ದು ಡ್ಯಾಂಪರ್ ರಾಡ್ ಫೋರ್ಕ್, ಒಳಗೆ ಇರುವುದು ಬರೀ ತೂತುಗಳು. ಚೂಪಾದ ಗುಂಡಿಗೆ ಚಕ್ರ ಜೋರಾಗಿ ಬಿದ್ದಾಗ ಆಯಿಲ್ ಆ ತೂತಿನಲ್ಲಿ ಅಷ್ಟು ಬೇಗ ನುಗ್ಗಲಾರದು. ಸಿರಿಂಜಿನಲ್ಲಿ ಜೇನುತುಪ್ಪ ತುಂಬಿ ಒತ್ತಿದ ಹಾಗೆ. ಏಟು ನೇರ ಮುಂಗೈಗೆ ಬರುತ್ತದೆ.

ಇನ್ನು 5ನೇ ಸ್ಟೆಪ್. ಪ್ರಿಲೋಡ್ ಏರಿಸಿದರೆ ಸ್ಪ್ರಿಂಗ್ ಗಟ್ಟಿ ಆಗುತ್ತದೆ ಅಂತ ಯಾರು ಹೇಳಿದರೋ, ಈ ಗುಂಪಿನಲ್ಲೂ ತಿಂಗಳಿಗೊಮ್ಮೆ ಈ ಮಾತು ಬರುತ್ತದೆ. ಸ್ಪ್ರಿಂಗಿನ ಗಡಸು ತಂತಿಯ ದಪ್ಪ, ಸುರುಳಿಯ ಅಗಲ, ಸುತ್ತುಗಳ ಲೆಕ್ಕದಿಂದ ಬರುತ್ತದೆ. ಕಾಲರ್ ತಿರುಗಿಸಿದರೆ ಗಾಡಿ ನಿಲ್ಲುವ ಎತ್ತರ ಬದಲಾಗುತ್ತದೆ ಅಷ್ಟೇ. 64 ಕೆಜಿಯ ಒಬ್ಬರೇ ಕೂತು 5ನೇ ಸ್ಟೆಪ್ಪಿನಲ್ಲಿ ಓಡಿಸಿದರೆ ಶಾಕ್ ಹೆಚ್ಚುಕಡಿಮೆ ಪೂರ್ತಿ ಚಾಚಿಕೊಂಡೇ ಇರುತ್ತದೆ. ಗುಂಡಿ ಬಂದಾಗ ಚಕ್ರ ಕೆಳಗಿಳಿಯಲು ಜಾಗ ಸಾಲುವುದಿಲ್ಲ, ಇಡೀ ಗಾಡಿ ಬೀಳುತ್ತದೆ. ಹಂಪ್ ದಾಟಿದ ಮೇಲೆ ಹಿಂದೆ ಟಕ್ ಅಂತ ಸದ್ದು ಬರುತ್ತಿದ್ದರೆ ಇದೇ ಕಾರಣ ಇರಬಹುದು.

ಈಗ ಮಾಡಬೇಕಾದ್ದು ಸ್ಯಾಗ್ ಅಳತೆ, ಅಂದರೆ ಭಾರ ಬಿದ್ದಾಗ ಗಾಡಿ ಎಷ್ಟು ಇಳಿಯುತ್ತದೆ ಅನ್ನುವುದು. ಟೇಪು, ಮಾಸ್ಕಿಂಗ್ ಟೇಪಿನ ಚೂರು, ಸಹಾಯಕ್ಕೆ ಒಬ್ಬರು ಸಾಕು. ಸೆಂಟರ್ ಸ್ಟ್ಯಾಂಡ್ ಹಾಕಿ ಹಿಂದಿನ ಚಕ್ರ ಗಾಳಿಯಲ್ಲಿರಲಿ. ಆಕ್ಸಲ್ಲಿನಿಂದ ನೇರ ಮೇಲೆ ಸೀಟಿನ ಕೆಳಗೆ ಒಂದು ಗುರುತು ಹಾಕಿ ಅಳೆಯಿರಿ. ಅದು ಮೊದಲ ಅಳತೆ. ಸ್ಟ್ಯಾಂಡ್ ಇಳಿಸಿ, ಗಾಡಿ ತನ್ನ ಭಾರದಲ್ಲೇ ನಿಂತಾಗ ಎರಡನೆಯದು. ನೀವು ಹೆಲ್ಮೆಟ್, ಜಾಕೆಟ್ ಸಮೇತ ಕೂತು ಕಾಲು ಫುಟ್‌ಪೆಗ್ ಮೇಲಿಟ್ಟಾಗ ಮೂರನೆಯದು. ಕೂತವರು ಕೆಳಗೆ ಬಗ್ಗಿ ನೋಡಬಾರದು, ಅಳತೆ ಕೆಡುತ್ತದೆ. ಮೊದಲನೆಯದರಲ್ಲಿ ಮೂರನೆಯದನ್ನು ಕಳೆದರೆ ನಿಮ್ಮ ಸ್ಯಾಗ್. ಹಿಂದೆ ಟ್ರಾವೆಲ್ ಇರುವುದೇ 88 ಮಿಮೀ, 25ರ ಆಸುಪಾಸು ಬಂದರೆ ಚೆನ್ನ. ಮುಂದೆ 110 ಮಿಮೀ, ಅಲ್ಲಿ 30ರಿಂದ 35.

ಒಂದೇ ಸಲ ಅಳೆದು ನಂಬಬೇಡಿ. ಗಾಡಿಯನ್ನು ಕೆಳಗೊತ್ತಿ ನಿಧಾನ ಬಿಟ್ಟು ಒಂದು ಸಲ, ಮೇಲೆತ್ತಿ ನಿಧಾನ ಬಿಟ್ಟು ಇನ್ನೊಂದು ಸಲ ಅಳೆದು ನಡುವಿನದ್ದು ಹಿಡಿಯಿರಿ. ಎರಡರ ಅಂತರ ತುಂಬಾ ಇದ್ದರೆ ಎಲ್ಲೋ ಹಿಡಿಯುತ್ತಿದೆ ಅಂತ ಅರ್ಥ. ಮುಂದೆ ಆದರೆ ಪಂಕ್ಚರ್ ಹಾಕಿ ಚಕ್ರ ಕೂರಿಸುವಾಗ ಫೋರ್ಕ್ ಕಾಲು ಓರೆಯಾಗಿ ಬಿಗಿದಿರುವುದೇ ಹೆಚ್ಚು. ಫೋರ್ಕ್ ತುದಿಯಲ್ಲಿ ಆಕ್ಸಲ್ ಹಿಡಿದಿರುವ ಪಿಂಚ್ ಬೋಲ್ಟ್ ಸಡಿಲಿಸಿ, ಮುಂದಿನ ಬ್ರೇಕ್ ಹಿಡಿದು ನಾಲ್ಕೈದು ಸಲ ಜೋರಾಗಿ ಒತ್ತಿ, ಆಮೇಲೆ ಬಿಗಿ ಮಾಡಿ. ಕಾಸಿಲ್ಲದ ರಿಪೇರಿ ಇದು.

ಎರಡನೇ ಅಳತೆ ಯಾಕೆ ಅಂತ ಕೇಳಬಹುದು. ಸ್ಪ್ರಿಂಗ್ ನಿಮಗೆ ಹೊಂದುತ್ತದೋ ಇಲ್ಲವೋ ಹೇಳುವುದು ಅದೇ. ನೀವು ಕೂತಾಗ 25 ಸರಿಯಾಗಿ ಬಂದು, ಖಾಲಿ ಗಾಡಿ ಒಂದಿಷ್ಟೂ ಇಳಿಯದೆ ನಿಂತಿದ್ದರೆ ಸ್ಪ್ರಿಂಗ್ ನಿಮಗೆ ಮೆತ್ತಗಾಯಿತು. ಖಾಲಿ ಗಾಡಿಯೇ 15, 20 ಇಳಿದರೆ ಸ್ಪ್ರಿಂಗ್ ಗಟ್ಟಿ. ಉಲ್ಟಾ ಅನ್ನಿಸುತ್ತದೆ, ಆದರೆ ಲೆಕ್ಕ ಇದೇ. ನಿಮ್ಮ ತೂಕಕ್ಕೆ 1 ಅಥವಾ 2ನೇ ಸ್ಟೆಪ್ಪಿನಲ್ಲೇ ಸರಿಹೋಗಬಹುದು ಅಂತ ನನ್ನ ಅಂದಾಜು. ಹಿಂದೆ ಮನೆಯವರನ್ನು ಕೂರಿಸಿಕೊಂಡಾಗ ಒಂದೆರಡು ಏರಿಸಿ, ಒಬ್ಬರೇ ಹೊರಟಾಗ ಮರೆಯದೆ ಇಳಿಸಿ. ಕಾಲರಿನ ಮಣ್ಣು ಬ್ರಷ್‌ನಲ್ಲಿ ತೆಗೆದ ಮೇಲೆ ಸಿ ಸ್ಪ್ಯಾನರ್ (ಕಾಲರ್ ತಿರುಗಿಸುವ ಕೊಕ್ಕೆ ಪಾನಾ) ಹಾಕಿ, ಇಲ್ಲದಿದ್ದರೆ ಜಾರಿ ಬೆರಳಿನ ಗೆಣ್ಣು ಸುಲಿಯುತ್ತದೆ. ಎರಡೂ ಕಡೆ ಒಂದೇ ಸ್ಟೆಪ್ ಇರಬೇಕು. ಸ್ಟ್ಯಾಂಡ್ ಇರುವ ಕಡೆ ಒಂದು ಜಾಸ್ತಿ ಕೊಡುವ ಮಹಾನುಭಾವರೂ ಇದ್ದಾರೆ, ದಯವಿಟ್ಟು ನೋಡಿಕೊಳ್ಳಿ.

ಮುಂದೆ ರಬ್ಬರ್ ಬೂಟಿನ ಕ್ಲಿಪ್ ಬಿಚ್ಚಿ ಮೇಲಕ್ಕೆತ್ತಿ ಕಟ್ಟಿ, ಪೈಪಿಗೆ ಒಂದು ಸಣ್ಣ ಕೇಬಲ್ ಟೈ ಹಾಕಿ ಸೀಲಿಗೆ ತಾಗಿಸಿ ಬಿಡಿ. ನಿಮ್ಮ ಮಾಮೂಲಿ ರಸ್ತೆಯಲ್ಲಿ ಓಡಿಸಿ, ಖಾಲಿ ಜಾಗ ನೋಡಿ ಒಂದೆರಡು ಸಲ ಜೋರಾಗಿ ಬ್ರೇಕ್ ಹಿಡಿಯಿರಿ. ಟೈ ಎಲ್ಲಿಗೆ ಹೋಗಿದೆ ಅಂತ ಚಕ್ರ ಎತ್ತಿ ಅಳೆಯಿರಿ. ಸೀಲಿನಿಂದ 95ರ ಹತ್ತಿರ ಇದ್ದರೆ ಫೋರ್ಕ್ ತನ್ನ ಕೆಲಸ ಸರಿಯಾಗಿ ಮಾಡುತ್ತಿದೆ. 110 ಮುಟ್ಟಿದ್ದರೆ ತಳಕ್ಕೆ ಬಡಿದಿದೆ. ಮೇಲೆ ಇನ್ನೂ ಪೈಪ್ ಕಾಣುತ್ತಿದೆಯಲ್ಲ ಅಂತ ಮೋಸ ಹೋಗಬೇಡಿ. ಬ್ರೇಕ್ ಹಿಡಿದಾಗ ಸ್ವಲ್ಪ ಬಗ್ಗುವುದು ಟೆಲಿಸ್ಕೋಪಿಕ್ ಫೋರ್ಕಿನ ಸ್ವಭಾವ. ಅದು ರೋಗ ಅಲ್ಲ.

ಆಯಿಲ್ ಬದಲಿಸಲೇಬೇಕು ಅಂದರೆ ಮ್ಯಾನ್ಯುಯಲ್ಲಿನ ಗ್ರೇಡೇ ಹಾಕಿಸಿ. 20 ಸಾವಿರ ಕಿಮೀ ದಾಟಿದ ಗಾಡಿಯಲ್ಲಿ ಹಳೆ ಆಯಿಲ್ ಬೂದಿ ನೀರಿನ ಬಣ್ಣಕ್ಕೆ ಬಂದಿರುತ್ತದೆ, ಹೊಸದು ಹಾಕಿದರೇ ಅರ್ಧ ಸಮಸ್ಯೆ ಹೋಗಬಹುದು. ಡಬ್ಬದ ಮೇಲಿನ 10 ಡಬ್ಲ್ಯೂ, 15 ಡಬ್ಲ್ಯೂ ಎಲ್ಲ ಕಂಪನಿಗೂ ಒಂದೇ ಅಲ್ಲ. ಒಬ್ಬರ 10 ಇನ್ನೊಬ್ಬರ 15ಕ್ಕೆ ಸಮ ಇರಬಹುದು. 40 ಡಿಗ್ರಿಯಲ್ಲಿ ಎಷ್ಟು ಸೆಂಟಿಸ್ಟೋಕ್ (ಆಯಿಲ್ ಎಷ್ಟು ಗಟ್ಟಿ ಅನ್ನುವ ಅಳತೆ) ಅಂತ ನೋಡಿ. ಮಟ್ಟ ಅಳೆಯುವಾಗ ಸ್ಪ್ರಿಂಗ್ ಹೊರಗೆ ತೆಗೆದು, ಫೋರ್ಕ್ ಪೂರ್ತಿ ಕುಗ್ಗಿಸಿ, ಗಾಳಿಗುಳ್ಳೆ ಹೋಗುವವರೆಗೂ ಪಂಪ್ ಮಾಡಿ, ಮೇಲಿನ ಅಂಚಿನಿಂದ ಅಳೆಯಬೇಕು. ಎರಡೂ ಕಾಲು ಸಮ. ಒಳಗಿನ ಗಾಳಿಯೂ ಸ್ಪ್ರಿಂಗಿನಂತೆ ಕೆಲಸ ಮಾಡುತ್ತದೆ. ತಳಕ್ಕೆ ಬಡಿಯುತ್ತಿದ್ದರೆ ಮಟ್ಟ 10 ಮಿಮೀ ಏರಿಸಿ ನೋಡಿ, ಅದಕ್ಕಿಂತ ಜಾಸ್ತಿ ಬೇಡ, ಸೀಲ್ ಹೋಗುತ್ತದೆ.

ತಮ್ಮನ ಗಾಡಿಗೆ ಕೊನೆಗೆ ಮಾಡಿದ್ದು ಇಷ್ಟು: ಸರಿಯಾದ ಆಯಿಲ್, ಅವನ ತೂಕಕ್ಕೆ ಹೊಂದುವ ಫೋರ್ಕ್ ಸ್ಪ್ರಿಂಗ್, ಹಿಂದೆ 2ನೇ ಸ್ಟೆಪ್. ಅದರಲ್ಲೇ ಚಾರ್ಮಾಡಿ ಆರಾಮಾಗಿ ಇಳಿಯುತ್ತಾನೆ. ಶಾಕ್ ಬದಲಿಸಿದ್ದು ಅದಾಗಿ ತುಂಬಾ ದಿನದ ಮೇಲೆ.

ಶಾಕ್ ವಿಷಯಕ್ಕೆ ಬಂದರೆ, ಡಬ್ಬಿ ನೋಡಿ ದುಡ್ಡು ಕೊಡಬೇಡಿ. ಅಗ್ಗದ ನಕಲಿಗಳಲ್ಲಿ ಆ ಡಬ್ಬಿ ಬರೀ ಅಲಂಕಾರ. ಅಂಗಡಿಯಲ್ಲಿ ಕೇಳಬೇಕಾದ್ದು ಎರಡೇ: ನನ್ನ ತೂಕಕ್ಕೆ ಸ್ಪ್ರಿಂಗ್ ಬದಲಿಸಿ ಕೊಡ್ತೀರಾ, ಬಿಚ್ಚಿ ಸರ್ವಿಸ್ ಮಾಡಲು ಬರುತ್ತದಾ. ಉತ್ತರ ಇಲ್ಲ ಅಂದರೆ ಎದ್ದು ಬನ್ನಿ. ನನ್ನ ಮಟ್ಟಿಗೆ ಕೊಟ್ಟ ಕಾಸಿಗೆ ಥಾಯ್ಲೆಂಡಿನ ವೈಎಸ್‌ಎಸ್ ಒಳ್ಳೆಯದು. ಸ್ವೀಡನ್ನಿನ ಓಲಿನ್ಸ್ 1976ರಿಂದ ಇದೇ ಕೆಲಸ ಮಾಡುತ್ತಿರುವ ಕಂಪನಿ, ಕೆಲಸದಲ್ಲಿ ಮಾತೇ ಇಲ್ಲ, ಆದರೆ ಆ ಬೆಲೆಗೆ ಮೊದಲು ಮುಂದಿನ ಫೋರ್ಕ್ ಸರಿ ಮಾಡಿಸಿ. ಹಿಂದೆ ಮಾತ್ರ ದುಬಾರಿ ಶಾಕ್ ಹಾಕಿದರೆ ಮುಂದಿನ ದೋಷ ಇನ್ನೂ ಎದ್ದು ಕಾಣುತ್ತದೆ. ಉದ್ದದ ಶಾಕ್ ಹಾಕಿಸಿದರೆ ಗಾಡಿ ಬೇಗ ತಿರುಗುತ್ತದೆ, ಆದರೆ ಹೈವೇಯಲ್ಲಿ ಹ್ಯಾಂಡಲ್ ಚಂಚಲ ಆಗಬಹುದು, ಚೈನ್ ಸಡಿಲವನ್ನೂ ಹೊಸದಾಗಿ ನೋಡಬೇಕು. ರೀಬೌಂಡ್ ಕ್ಲಿಕ್ಕರ್ (ಶಾಕ್ ವಾಪಸ್ ಚಾಚುವ ವೇಗ ಹೊಂದಿಸುವ ತಿರುಪು) ಇದ್ದರೆ ಪೂರ್ತಿ ಮುಚ್ಚಿದ ಕಡೆಯಿಂದ ಎಣಿಸಿ ಬರೆದಿಟ್ಟುಕೊಳ್ಳಿ. ಒಂದು ಸಲಕ್ಕೆ ಎರಡು ಕ್ಲಿಕ್, ಅದೇ ರಸ್ತೆ, ಅದೇ ವೇಗ.

ಟೈರ್ ಗಾಳಿ ಬೆಳಿಗ್ಗೆ ಗಾಡಿ ತಣ್ಣಗಿರುವಾಗ ಸ್ವಂತ ಗೇಜಿನಲ್ಲಿ ನೋಡಿ, ಬಂಕಿನ ಮೀಟರ್ ನಂಬಬೇಡಿ. ಕೋನ್ ಸೆಟ್ (ಹ್ಯಾಂಡಲ್ ತಿರುಗುವ ಬೇರಿಂಗ್) ಸವೆದು ಹ್ಯಾಂಡಲ್ ಮಧ್ಯದಲ್ಲಿ ಕಚ್ಚುತ್ತಿದ್ದರೆ ಯಾವ ಸಸ್ಪೆನ್ಷನ್ನೂ ಕೈ ಹಿಡಿಯುವುದಿಲ್ಲ. ಬೂಟು ಎತ್ತಿದಾಗ ಒಳಗಿನ ಕೆಸರು ಒರೆಸಿ, ಅಲ್ಲೇ ನೀರು ನಿಂತು ಪೈಪಿಗೆ ತುಕ್ಕು ಹಿಡಿಯುವುದು. ಸೀಲ್ ಒಸರುತ್ತಿದ್ದರೆ ತಕ್ಷಣ ಬದಲಿಸಬೇಡಿ. ಡಸ್ಟ್ ಸೀಲ್ ಎಬ್ಬಿಸಿ, ಹಳೆ ಎಕ್ಸ್‌ರೇ ಫಿಲ್ಮಿನ ಪಟ್ಟಿ ಕತ್ತರಿಸಿ ಅಂಚು ನಯ ಮಾಡಿ, ಆಯಿಲ್ ಸೀಲಿನ ತುಟಿಯೊಳಗೆ ತೂರಿಸಿ ಸುತ್ತ ಎಳೆಯಿರಿ. ಮರಳಿನ ಕಣ ಸಿಕ್ಕಿಕೊಂಡಿದ್ದರೆ ಹೊರಗೆ ಬರುತ್ತದೆ. ಆಮೇಲೂ ಒಸರಿದರೆ ಆಗ ಬದಲಿಸಿ.

ಭಾನುವಾರ ಮೆಕ್ಯಾನಿಕ್ ಹತ್ತಿರ ಹೋಗುವ ಬದಲು ಈ ಅಳತೆ ತೆಗೆಯಿರಿ. ಹಿಂದಿನ ಮೂರು ಅಂಕಿ, ಮುಂದಿನ ಟೈ ನಿಂತ ಜಾಗ, ಈಗ ಗಾಡಿ ಎಷ್ಟು ಕಿಮೀ ಓಡಿದೆ ಅಂತ ಇಲ್ಲೇ ಹಾಕಿ. ಸ್ಪ್ರಿಂಗ್ ಬೇಕೋ ಬೇಡವೋ ನೋಡಿ ಹೇಳುತ್ತೇನೆ.